ಸಾವಿರಾರು ಕನ್ನಡ ಮನವಿಗಳಲ್ಲಿ ಯಾವುದು ಯಾವುದರ ಹಾಗಿದೆ: ನೋಡಿದ ಕೂಡಲೇ ತಿಳಿಯುವ ಚಿತ್ರ ಮಾಡುವುದು ಹೇಗೆ?

ಗಂಗಾವತಿ_ಕಡತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆ ಭಾಗದ ರೈತರು ಕೊಟ್ಟಿರುವ ಮನವಿಗಳ ಪ್ರತಿಗಳು ಒಂದು ಸಂಘದ ಬಳಿ ಸುಮಾರು 1,400 ಇವೆ. ಕೊನೆ ಭಾಗಕ್ಕೆ ನೀರು ಮುಟ್ಟುತ್ತಿಲ್ಲ, ಉಪಕಾಲುವೆಯ ಹೂಳು ತೆಗೆಸಿ, ತೂಬಿನ ಗೇಟ್ ಮುರಿದಿದೆ, ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ನೀರು ಎಳೆಯುತ್ತಿದ್ದಾರೆ, ಸವಳು-ಜವಳಾದ ಜಮೀನಿಗೆ ಬಸಿಗಾಲುವೆ ಬೇಕು, ಬೆಳೆ ಪರಿಹಾರ ಬಂದಿಲ್ಲ, ಇಂಥವು. ಅರ್ಧದಷ್ಟು ಹಳೆಯ "ನುಡಿ" ತಂತ್ರಾಂಶದ ಅಕ್ಷರದಲ್ಲಿವೆ, ಉಳಿದವು ಯೂನಿಕೋಡ್. ಸುಮಾರು 300 ಮಾತ್ರ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರ) ಹಾಕಿದವು.

ಸಭೆಯಲ್ಲಿ ಗೋಡೆಗೆ ಹಚ್ಚುವಂಥ ಚಿತ್ರ ಬೇಕಾಗಿದೆ. ಕಂಪ್ಯೂಟರ್ ಮುಟ್ಟದವರೂ ನೋಡಿದ ಕೂಡಲೇ "ಇದು ನಮ್ಮ ಮನವಿಯ ಹಾಗೇ ಇದೆಯಲ್ಲ" ಎಂದು ಬೆರಳಿಟ್ಟು ತೋರಿಸಬೇಕು. ಬೇರೆ ಊರಿನವರದೂ ಅದೇ ತೊಂದರೆ ಎಂದು ಕಂಡರೆ ಎಲ್ಲರೂ ಸೇರಿ ಒಂದೇ ಮನವಿ ಕೊಡಬಹುದು.

ಪೈಥಾನ್‌ನಲ್ಲಿ ಮಾಡಿ ನೋಡಿದಾಗ ಮೂರು ತೊಡಕು ಕಂಡಿವೆ. ಪದಮೋಡದಲ್ಲಿ (ಹೆಚ್ಚು ಸಲ ಬಂದ ಪದ ದೊಡ್ಡದಾಗಿ ಕಾಣುವ ಚಿತ್ರ) "ಅರ", "ಮನವ", "ತರ" ಎಂಬ ಅರ್ಥವಿಲ್ಲದ ತುಂಡುಗಳೇ ದೊಡ್ಡದಾಗಿ ಬರುತ್ತವೆ. "ನೀರು", "ಕಾಲುವೆ" ಬರುವುದೇ ಇಲ್ಲ. ಹೋಲುವ ಮನವಿಗಳನ್ನು ಹತ್ತಿರದ ಚುಕ್ಕಿಗಳಾಗಿ ಇಡಬೇಕಾದ ಟಿ-ಸ್ನೀ ನಕ್ಷೆಯಲ್ಲಿ ಎಲ್ಲ ಚುಕ್ಕಿಗಳೂ ಒಂದೇ ಗುಂಡನೆಯ ರಾಶಿ. ಚಿತ್ರದ ಮೇಲಿನ ಕನ್ನಡದಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಎಲ್ಲಿಂದ ಶುರು ಮಾಡಬೇಕು?

ರಾಯಚೂರು_ಪಠ್ಯಲೆಕ್ಕ ಉತ್ತರ:

ಸರ್, ಚಿತ್ರದ ವಿಷಯ ಆಮೇಲೆ. ನಿಮ್ಮ ಮೊದಲೆರಡು ತೊಡಕುಗಳು ಚಿತ್ರಕ್ಕೆ ಮುಂಚೆಯೇ, ಪದ ಬಿಡಿಸುವ ಹಂತದಲ್ಲಿ ಹುಟ್ಟಿವೆ.

ಸೈಕಿಟ್-ಲರ್ನ್‌ನ ಟಿಎಫ್-ಐಡಿಎಫ್ (ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡುವ ಎಣಿಕೆ) ಸಾಧನವಾಗಲಿ, ಪೈಥಾನ್‌ನ ಪದಮೋಡದ ಪೊಟ್ಟಣವಾಗಲಿ ಪದವನ್ನು ಗುರುತಿಸುವುದು "ಅಕ್ಷರ ಅಥವಾ ಅಂಕಿ, ಕನಿಷ್ಠ ಎರಡು ಒಟ್ಟಿಗೆ" ಎಂಬ ನಿಯಮದಿಂದ. ಪೈಥಾನ್‌ನ ಪಠ್ಯದಲ್ಲಿ ಮಾದರಿ ಹುಡುಕುವ ಮಾಮೂಲಿ ರೆಜೆಕ್ಸ್‌ನ ಲೆಕ್ಕದಲ್ಲಿ ನಮ್ಮ ಗುಣಿತ ಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಅಕ್ಷರಗಳಲ್ಲ, ಸಂಯೋಜಕ ಗುರುತುಗಳು. ಅವು ಬಂದಲ್ಲೆಲ್ಲ ಪದ ಕಡಿದುಹೋಗುತ್ತದೆ. "ಅರ್ಜಿ" ಎಂಬುದು "ಅರ" ಮತ್ತು "ಜ" ಆಗುತ್ತದೆ. "ಜ" ಒಂಟಿಯಾದ್ದರಿಂದ ಬಿದ್ದುಹೋಗಿ "ಅರ" ಉಳಿಯುತ್ತದೆ. "ಮನವಿ" ಎಂಬುದು "ಮನವ", "ರೈತರು" ಎಂಬುದು "ತರ". "ನೀರು", "ಕಾಲುವೆ", "ಹೂಳು" ಇವುಗಳಲ್ಲಿ ಪ್ರತಿ ವ್ಯಂಜನದ ಹಿಂದೆಯೂ ಗುಣಿತವಿದೆ, ಹಾಗಾಗಿ ಇಡೀ ಪದವೇ ಮಾಯ. ನಿಮ್ಮ ವಿಷಯವನ್ನು ಹೇಳುವ ಪದಗಳೇ ಲೆಕ್ಕಕ್ಕೆ ಬರಲಿಲ್ಲ ಅಂದಮೇಲೆ ನಕ್ಷೆಯಲ್ಲಿ ಬೇರೆ ಬೇರೆ ಗುಂಪು ಕಾಣುವುದಾದರೂ ಹೇಗೆ? ದೋಷ ಎಚ್ಚರಿಕೆ ಏನೂ ಬರುವುದಿಲ್ಲ, ಅದೇ ಇದರ ಅಪಾಯ. ಪದಪಟ್ಟಿಯ ಮೊದಲ 50 ಪದಗಳನ್ನು ಮುದ್ರಿಸಿ ಕಣ್ಣಾಡಿಸದೆ ಕನ್ನಡದಲ್ಲಿ ಮುಂದಿನ ಹೆಜ್ಜೆ ಇಡಬೇಡಿ.

ಪರಿಹಾರ ಎರಡಿವೆ. ಒಂದು, ಪದಗಳನ್ನು ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳಲ್ಲಿ ಮಾತ್ರ ಕಡಿಯುವ ನಿಯಮ ಕೊಡುವುದು. ಇನ್ನೊಂದು, ಪದದ ಬದಲು ಅಕ್ಷರದ ತುಂಡುಗಳನ್ನು ಎಣಿಸುವುದು: ಅನಲೈಸರ್ ಎಂಬಲ್ಲಿ ಪದದ ಗಡಿಯೊಳಗಿನ ಅಕ್ಷರ-ತುಂಡು ಎಂಬ ಆಯ್ಕೆ ಇದೆ. ಹೋಲಿಕೆಗೆ ಎರಡನೆಯದೇ ಮೇಲು ಅನ್ನುತ್ತೇನೆ. ಕಾಲುವೆ, ಕಾಲುವೆಯ, ಕಾಲುವೆಗೆ, ಕಾಲುವೆಯಲ್ಲಿ, ಕಾಲುವೆಯಿಂದಲೂ ಎಲ್ಲವೂ ಪದದ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳು. ತುಂಡಿನ ಲೆಕ್ಕದಲ್ಲಿ "ಕಾಲುವೆ" ಎಂಬ ಭಾಗ ಐದರಲ್ಲೂ ಸಿಗುತ್ತದೆ. ತುಂಡಿನ ಉದ್ದ 4ರಿಂದ 7 ಸಂಕೇತ (ಯೂನಿಕೋಡ್ ಪ್ರತಿ ಅಕ್ಷರಕ್ಕೂ ಗುಣಿತ ಚಿಹ್ನೆಗೂ ಕೊಡುವ ಒಂದೊಂದು ಗುರುತು) ಇಡಿ. ಇಂಗ್ಲಿಷ್ ಪಾಠಗಳಲ್ಲಿ 3ರಿಂದ 5 ಎಂದಿರುತ್ತದೆ. ನಮ್ಮಲ್ಲಿ "ಕಾ" ಒಂದಕ್ಕೇ ಎರಡು ಸಂಕೇತ ಖರ್ಚಾಗುವುದರಿಂದ ಅದು ಸಾಲದು. ಕನಿಷ್ಠ 3 ದಾಖಲೆಯಲ್ಲಿ ಬಂದಿರಬೇಕು, 40 ಶೇಕಡಕ್ಕಿಂತ ಹೆಚ್ಚು ದಾಖಲೆಗಳಲ್ಲಿ ಬಂದಿದ್ದರೆ ಬಿಡಬೇಕು ಎಂಬ ಮಿತಿ ಹಾಕಿ. ಎಣಿಕೆಗೆ ಲಾಗ್ ಹಚ್ಚುವ ಆಯ್ಕೆಯನ್ನೂ ತೆರೆಯಿರಿ. ಇಲ್ಲದಿದ್ದರೆ "ನೀರು" ಎಂದು ಹತ್ತು ಸಲ ಬರೆದವರ ಮನವಿ ಬೇರೆಯದೇ ಮೂಲೆಗೆ ಹೋಗುತ್ತದೆ.

ಅದಕ್ಕೂ ಮೊದಲು ಪಠ್ಯ ತೊಳೆಯುವ ಕೆಲಸ. ನುಡಿಯ ಹಳೆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಅಸಂಬದ್ಧ ಅಕ್ಷರಗಳಾಗುತ್ತವೆ; ಅರ್ಕಾವತ್ತು ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಪರಿವರ್ತನೆ ಆದಮೇಲೆ ಪ್ರತಿ ಕಡತದಲ್ಲಿ ಕನ್ನಡ ಸಂಕೇತಗಳ ಪಾಲು ಎಷ್ಟೆಂದು ಎಣಿಸಿ, 70 ಶೇಕಡಕ್ಕಿಂತ ಕಡಿಮೆಯಿದ್ದರೆ ಪಕ್ಕಕ್ಕಿಟ್ಟು ಕೈಯಿಂದ ನೋಡಿ. ನಂತರ ಎಲ್ಲದಕ್ಕೂ ಎನ್‌ಎಫ್‌ಸಿ ಸಮೀಕರಣ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವುದು, ಮಾಡಿ: "ೊ" ಎಂಬುದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, "ೆ" ಮತ್ತು "ೂ" ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಕಣ್ಣಿಗೆ ಕಾಣದ ಜೋಡಕ, ಬಿಡಿಸುಕ ಸಂಕೇತಗಳನ್ನೂ (ZWJ, ZWNJ) ತೆಗೆದುಹಾಕಿ.

ಇನ್ನೊಂದು ಮರೆತುಹೋಗುವ ವಿಷಯ: ಅನುಸ್ವಾರ "ಂ" ಇರಬೇಕಾದಲ್ಲಿ ಸೊನ್ನೆ ಅಂಕಿ "೦" ಟೈಪ್ ಆಗಿರುವುದು. ಓಸಿಆರ್ ಈ ತಪ್ಪನ್ನು ಬಹಳ ಮಾಡುತ್ತದೆ, ಟೈಪಿಸ್ಟರೂ ಮಾಡುತ್ತಾರೆ. ಹಿಂದೆ ಕನ್ನಡ ಅಕ್ಷರವೋ ಗುಣಿತವೋ ಇದ್ದರೆ ಸೊನ್ನೆಯನ್ನು ಅನುಸ್ವಾರ ಮಾಡಿ, ಹಿಂದೆ ಅಂಕಿ ಇದ್ದರೆ ಹಾಗೇ ಬಿಡಿ. ಈ ಒಂದು ನಿಯಮದಿಂದ ಓಸಿಆರ್ ಕಡತಗಳು ಬೇರೆಯೇ ಗುಂಪಾಗಿ ನಿಲ್ಲುವುದು ಬಹುಮಟ್ಟಿಗೆ ತಪ್ಪುತ್ತದೆ.

ಸಿಂಧನೂರು_ನಕಲು ಉತ್ತರ:

ರಾಯಚೂರಿನವರು ಹೇಳಿದ್ದು ಖರೆ ಐತ್ರಿ. ಆದ್ರ ಅದಷ್ಟು ಮಾಡಿದ್ರೂ ರಾಶಿ ಪೂರಾ ಒಡೆಯಂಗಿಲ್ಲ. ಮನವಿ ಅಂದ್ರ ಅರ್ಧ ಭಾಗ ಒಂದೇ ಮಾತು ಇರ್ತಾವ: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು, "ತಮ್ಮ ವಿಶ್ವಾಸಿ" ಅಂತ ಮುಗಿತಾಯ. 120 ಪದದ ಮನವಿಯೊಳಗ 50 ಪದ ಇಂಥವೇ ಇದ್ರ ಎಲ್ಲಾ ಮನವಿನೂ ಎಲ್ಲಾದಕ್ಕೂ ಹೋಲ್ತಾವ. ಇವನ್ನ ಹುಡುಕೋದು ಸುಲಭ ಐತಿ. ಐದೈದು ಪದದ ಸಾಲು ತಗೊಂಡು ಎಣಿಸ್ರಿ, 100ಕ್ಕಿಂತ ಹೆಚ್ಚು ಕಡತದಾಗ ಬಂದ ಸಾಲುಗಳ ಪಟ್ಟಿ ಮಾಡ್ರಿ, ಕಣ್ಣಿಂದ ಒಮ್ಮೆ ಓದಿ ಅಳಿಸ್ರಿ. ಓದದ ಅಳಿಸಬ್ಯಾಡ್ರಿ, ಯಾಕಂದ್ರ "ಕೊನೆ ಭಾಗದ ರೈತರಿಗೆ ನೀರು ಮುಟ್ಟುತ್ತಿಲ್ಲ" ಅನ್ನೋದೂ ಅದೇ ಪಟ್ಟಿಯೊಳಗ ಬರಬಹುದು. ಅದು ವಿಷಯ, ಔಪಚಾರಿಕ ಮಾತಲ್ಲ.

ಎರಡನೇದ್ದು ಹೆಸರುಗಳು. ಒಂದೇ ಊರಿನ ಮನವಿ ಅಂದ್ರ ಊರಿನ ಹೆಸರು, ಹೋಬಳಿ, ಮನೆತನದ ಅಡ್ಡಹೆಸರು ಎಲ್ಲಾ ಮತ್ತ ಮತ್ತ ಬರ್ತಾವ. ಟಿಎಫ್-ಐಡಿಎಫ್‌ಗೆ ಅಪರೂಪದ ಪದ ಅಂದ್ರ ಭಾಳ ತೂಕ. ಹಂಗಾಗಿ ನಕ್ಷೆ ವಿಷಯದ ಪ್ರಕಾರ ಗುಂಪಾಗೋ ಬದಲು ಊರಿನ ಪ್ರಕಾರ ಗುಂಪಾಗ್ತೈತಿ. ನಿಮಗ ಬೇಕಾಗಿದ್ದು ಬ್ಯಾರೆ ಊರಿನವರ ಹೋಲಿಕೆ, ಅದಕ್ಕ ಊರು ಮತ್ತು ಮನುಷ್ಯರ ಹೆಸರು ತೆಗೀರಿ. ಸರ್ವೆ ನಂಬರ್, ಫೋನ್, ಆಧಾರ್, ಪಹಣಿ ಸಂಖ್ಯೆ ಎಲ್ಲಾದಕ್ಕೂ ಒಂದೊಂದು ಗುರುತುಪದ ಹಾಕ್ರಿ. ಊರನ್ನ ಬ್ಯಾರೆ ಕಾಲಂನಾಗ ಇಟ್ಕೊಳ್ರಿ, ಆಮ್ಯಾಲೆ ಬಣ್ಣಕ್ಕ ಬೇಕಾಗ್ತೈತಿ. ಗೋಡೆಗೆ ಹಚ್ಚೋ ಚಿತ್ರ ಅಂದಮ್ಯಾಲ ಮಂದಿ ಫೋನ್ ನಂಬರು, ಸರ್ವೆ ನಂಬರು ಅದರಾಗ ಇರಲೇಬಾರದು, ಅದೂ ಇಲ್ಲೇ ಬಗೆಹರೀತೈತಿ.

ಮೂರನೇದ್ದು, ಒಂದೇ ಮನವಿ ಝೆರಾಕ್ಸ್ ಮಾಡಿ ಹೆಸರು ಮಾತ್ರ ಬದಲಿಸಿ ನಲವತ್ತು ಮಂದಿ ಕೊಟ್ಟಿರ್ತಾರ. ಅವನ್ನ ನಕ್ಷೆಗೆ ಹಂಗೇ ಹಾಕಿದ್ರ ನಲವತ್ತು ಚುಕ್ಕಿ ಒಂದರ ಮ್ಯಾಲ ಒಂದು ಬಿದ್ದು ಗಟ್ಟಿ ಗಂಟಾಗಿ, ಉಳಿದದ್ದನ್ನೆಲ್ಲಾ ಮೂಲೆಗೆ ತಳ್ತೈತಿ. ಮೊದಲು ನಕಲು ಹಿಡೀರಿ. ಪ್ರತಿ ಮನವಿನ ಮೂರು-ಮೂರು ಪದದ ಒಂದರಮ್ಯಾಲೊಂದು ಹೊಂದಿದ ತುಂಡು ಮಾಡ್ರಿ, ಎರಡು ಮನವಿಗೆ ಸಾಮಾನ್ಯ ಇರೋ ತುಂಡುಗಳನ್ನ ಎರಡರಾಗ ಸೇರಿ ಇರೋ ಒಟ್ಟು ಬ್ಯಾರೆ ಬ್ಯಾರೆ ತುಂಡುಗಳಿಂದ ಭಾಗಿಸ್ರಿ. ಇದ ಜಕಾರ್ಡ್ ಅಳತೆ. 0.8 ದಾಟಿದ್ರ ಅದನ್ನ ನಕಲು ಅಂತ ತಿಳೀರಿ. ಓಸಿಆರ್ ಕಡತಕ್ಕ ಈ ಮಿತಿ 0.6ಕ್ಕ ಇಳಿಸ್ರಿ, ಯಾಕಂದ್ರ ಒಂದು ಅಕ್ಷರ ತಪ್ಪಾದ್ರ ಮೂರು ತುಂಡು ಕೆಡ್ತಾವ. 1,400 ಕಡತಕ್ಕ ಜೋಡಿ 9,79,300 ಆಗ್ತಾವ, ಸಾದಾ ಲ್ಯಾಪ್‌ಟಾಪ್ ಸಾಕು. ಲಕ್ಷಗಟ್ಟಲೆ ಕಡತ ಇದ್ರ ಮಾತ್ರ ಎಲ್ಲಾ ಜೋಡಿ ನೋಡದ ಅಂದಾಜು ಮಾಡೋ ಮಿನ್‌ಹ್ಯಾಶ್ ಬೇಕಾಗ್ತೈತಿ.

ನಕಲಿನ ಗುಂಪಿಗೆ ಒಂದೇ ಚುಕ್ಕಿ ಹಾಕಿ, ಎಷ್ಟು ಮಂದಿ ಕೊಟ್ಟಾರ ಅನ್ನೋದನ್ನ ಚುಕ್ಕಿಯ ಗಾತ್ರದಾಗ ತೋರಸ್ರಿ. ವ್ಯಾಸ ಬ್ಯಾಡ, ವಿಸ್ತೀರ್ಣ ಎಣಿಕೆಗೆ ತಕ್ಕಂಗಿರಬೇಕು. ವ್ಯಾಸ ನಾಲ್ಕು ಪಟ್ಟು ಮಾಡಿದ್ರ ಕಣ್ಣಿಗೆ ಹದಿನಾರು ಪಟ್ಟು ಕಾಣ್ತೈತಿ.

ಗಂಗಾವತಿ_ಕಡತ:

ಇಬ್ಬರಿಗೂ ಧನ್ಯವಾದ. ಪದಪಟ್ಟಿ ಮುದ್ರಿಸಿ ನೋಡಿದೆ, ನೀವು ಹೇಳಿದ ಹಾಗೇ "ನೀರು" ಇರಲೇ ಇಲ್ಲ. ಸರಿಪಡಿಸಿ, ನಕಲು ಸೇರಿಸಿದ ಮೇಲೆ 900ರಷ್ಟು ಉಳಿದಿವೆ, ನಕ್ಷೆಯಲ್ಲಿ ದ್ವೀಪಗಳೂ ಕಾಣುತ್ತಿವೆ. ಈಗ ಹೊಸ ಪ್ರಶ್ನೆ: ಹೂಳಿನ ದ್ವೀಪವು ಪರಿಹಾರದ ದ್ವೀಪಕ್ಕೆ ಹತ್ತಿರ, ತೂಬಿನ ದ್ವೀಪ ದೂರ. ಇದಕ್ಕೆ ಅರ್ಥವಿದೆಯೇ? ಇನ್ನೊಮ್ಮೆ ಓಡಿಸಿದರೆ ಜಾಗಗಳು ಬದಲಾಗುತ್ತವೆ.

ಬಳ್ಳಾರಿ_ನಕ್ಷೆಗಾರ ಉತ್ತರ:

ಅರ್ಥವಿಲ್ಲ ಸರ್, ಅದನ್ನು ಸಭೆಯಲ್ಲಿ ಮೊದಲೇ ಹೇಳಬೇಕು. 2008ರಲ್ಲಿ ವಾನ್ ಡರ್ ಮಾಟನ್ ಮತ್ತು ಹಿಂಟನ್ ಟಿ-ಸ್ನೀಯನ್ನು ಮುಂದಿಟ್ಟದ್ದೇ ಹತ್ತಿರದ ನೆರೆಹೊರೆಯನ್ನು ಉಳಿಸುವುದಕ್ಕೆ. ಪಕ್ಕಪಕ್ಕದ ಚುಕ್ಕಿಗಳು ಹೋಲುತ್ತವೆ ಎಂಬುದನ್ನು ನಂಬಬಹುದು. ದ್ವೀಪ-ದ್ವೀಪಗಳ ನಡುವಿನ ದೂರ, ದ್ವೀಪದ ಗಾತ್ರ, ದಟ್ಟಣೆ ಇವನ್ನು ನಂಬಬಾರದು. ಅದೇ ಕೆಲಸಕ್ಕೆ 2018ರಲ್ಲಿ ಬಂದ ಯುಮ್ಯಾಪ್ ಎಂಬ ವಿಧಾನ ದೂರವನ್ನು ತುಸು ಹೆಚ್ಚು ಕಾಪಾಡುತ್ತದೆ ಅನ್ನುತ್ತಾರೆ, ಆದರೆ ಅದರಲ್ಲೂ ದೂರವನ್ನು ಅಳೆದು ಓದಬಾರದು. ನೋಡುವವರು ನಕ್ಷೆ ಅಂದಕೂಡಲೇ ಗಂಗಾವತಿಯಿಂದ ಕಾರಟಗಿ ಎಷ್ಟು, ಸಿಂಧನೂರು ಎಷ್ಟು ಎಂಬಂತೆ ಓದುತ್ತಾರೆ. ಹಾಗಾಗಿ ಅಕ್ಷರೇಖೆ, ಅಂಕಿ, ಚೌಕಟ್ಟಿನ ಗೆರೆ ಎಲ್ಲ ತೆಗೆಯಿರಿ. ದ್ವೀಪಗಳ ನಡುವೆ ಬಿಳಿ ಜಾಗ ಮಾತ್ರ ಇರಲಿ.

ಮಾಡುವ ಕ್ರಮ: ಟಿಎಫ್-ಐಡಿಎಫ್ ಕೋಷ್ಟಕವನ್ನು ಮೊದಲು ಟ್ರಂಕೇಟೆಡ್ ಎಸ್‌ವಿಡಿಯಿಂದ (ಸಾವಿರಾರು ಕಂಬಗಳ ಸಾರವನ್ನು ಕೆಲವೇ ಅಂಕಿಗಳಿಗೆ ತರುವ ಲೆಕ್ಕ) 50ರಿಂದ 100 ಆಯಾಮಕ್ಕೆ ಇಳಿಸಿ, ಪ್ರತಿ ಸಾಲನ್ನೂ ಏಕಮಾನ ಉದ್ದಕ್ಕೆ ತನ್ನಿ, ಆಮೇಲೆ ಕೊಸೈನ್ ಅಳತೆಯಲ್ಲಿ (ಎರಡು ಸಾಲುಗಳ ದಿಕ್ಕು ಎಷ್ಟು ಒಂದೇ ಎಂಬ ಲೆಕ್ಕ) ಯುಮ್ಯಾಪ್. ನೆರೆಯ ಸಂಖ್ಯೆ 15, ಕನಿಷ್ಠ ಅಂತರ 0.1 ಎಂಬ ಮೂಲ ಬೆಲೆಗಳಿಂದಲೇ ಶುರು ಮಾಡಿ. ಗೋಡೆಯ ಚಿತ್ರಕ್ಕೆ ಅಂತರವನ್ನು 0.3ಕ್ಕೆ ಏರಿಸಿದರೆ ಚುಕ್ಕಿಗಳು ಒಂದರಮೇಲೊಂದು ಬೀಳುವುದು ಕಡಿಮೆಯಾಗುತ್ತದೆ. ನೆರೆಯ ಸಂಖ್ಯೆ 5 ಇಟ್ಟರೆ ಇಲ್ಲದ ಗುಂಪುಗಳು ಹುಟ್ಟುತ್ತವೆ, 100 ಇಟ್ಟರೆ ಸಣ್ಣ ಗುಂಪುಗಳು ದೊಡ್ಡದರಲ್ಲಿ ಕರಗುತ್ತವೆ. ಟಿ-ಸ್ನೀಯೇ ಬೇಕೆಂದರೆ ಪರ್ಪ್ಲೆಕ್ಸಿಟಿ (ಅದರಲ್ಲಿ ನೆರೆಯ ಸಂಖ್ಯೆಯಂಥದ್ದು) 20ರಿಂದ 40ರೊಳಗೆ.

ಜಾಗ ಬದಲಾಗುವುದಕ್ಕೆ ಯಾದೃಚ್ಛಿಕ ಬೀಜಸಂಖ್ಯೆ ಕಾರಣ. ಅದನ್ನು ಕಟ್ಟಿಹಾಕಿದರೆ ಚಿತ್ರ ನಿಲ್ಲುತ್ತದೆ, ಆದರೆ ಚಿತ್ರ ನಿಂತಿತು ಎಂದಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ. ಐದು ಬೇರೆ ಬೇರೆ ಬೀಜಗಳಲ್ಲಿ ಓಡಿಸಿ, ಪ್ರತಿ ಮನವಿಗೂ ಚಿತ್ರದಲ್ಲಿರುವ 10 ಹತ್ತಿರದ ನೆರೆಯನ್ನು ಮೂಲ ಕೊಸೈನ್ ಲೆಕ್ಕದ 10 ನೆರೆಯ ಜೊತೆ ಹೋಲಿಸಿ. ಐದರಲ್ಲೂ 3ಕ್ಕಿಂತ ಕಡಿಮೆ ಹೊಂದಿದ ಚುಕ್ಕಿಗಳನ್ನು ಮಸುಕು ಬೂದಿ ಬಣ್ಣದಲ್ಲಿ ತೋರಿಸಿ. ಅವು ಎಲ್ಲಿಯೂ ಸೇರದ ಮನವಿಗಳು, ಅಥವಾ ಎರಡು ಮೂರು ವಿಷಯವನ್ನು ಒಂದೇ ಹಾಳೆಯಲ್ಲಿ ಬರೆದವು.

ನಿಮ್ಮ ಊರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಅದರ ನಂತರದ ಮನವಿಗಳಲ್ಲಿ "ಗೇಟ್" ಎಂದರೆ ಆಣೆಕಟ್ಟಿನದು, ಮುಂಚಿನವುಗಳಲ್ಲಿ ಹೆಚ್ಚಾಗಿ ತೂಬಿನದು. ಯಂತ್ರ ಎರಡನ್ನೂ ಒಂದೇ ದ್ವೀಪಕ್ಕೆ ಎಳೆಯುತ್ತದೆ. "ಕ್ರೆಸ್ಟ್ ಗೇಟ್", "19ನೇ ಗೇಟ್", "ತೂಬಿನ ಗೇಟ್" ಇವನ್ನು ನಡುವೆ ಅಡಿಗೆರೆ ಹಾಕಿ ಒಂದೊಂದೇ ಪದ ಮಾಡಿ. ಚುಕ್ಕಿಗೆ ತಿಂಗಳ ಬಣ್ಣ ಹಚ್ಚಿದರೆ ಇಂಥ ಬೆರಕೆ ತಟ್ಟನೆ ಕಾಣುತ್ತದೆ: ಒಂದೇ ದ್ವೀಪದಲ್ಲಿ ಎರಡು ಬಣ್ಣ ಸ್ಪಷ್ಟವಾಗಿ ಬೇರೆಯಾಗಿ ನಿಂತಿದ್ದರೆ ಅಲ್ಲಿ ಪದದ ಗೊಂದಲವಿದೆಯೇ ಎಂದು ಓದಿ ನೋಡಿ.

ಬಣ್ಣಕ್ಕೆ ಕೆಂಪು-ಹಸಿರು ಜೋಡಿ ಬೇಡ, ಆ ಎರಡನ್ನು ಬೇರೆ ಮಾಡಿ ಕಾಣಲಾಗದವರು ಸಭೆಯಲ್ಲಿ ಖಂಡಿತ ಇರುತ್ತಾರೆ. ನೀಲಿ-ಕಿತ್ತಳೆ ಇಡಿ. ಒಟ್ಟು ಆರು ಬಣ್ಣ ದಾಟಬೇಡಿ.

ಒತ್ತಕ್ಷರ ಒಡೆಯುವುದು ಮ್ಯಾಟ್‌ಪ್ಲಾಟ್‌ಲಿಬ್‌ನ ತೊಡಕು. ಬಳಕೆಯಲ್ಲಿರುವ ಬಹುತೇಕ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆಯೇ ಹೊರತು ಕನ್ನಡಕ್ಕೆ ಬೇಕಾದ ಜೋಡಣೆ ಮಾಡುವುದಿಲ್ಲ. ಫಾಂಟ್ ಬದಲಿಸಿದರೆ ಡಬ್ಬಿಗಳು ಹೋಗುತ್ತವೆ, ಒತ್ತು ಸರಿಹೋಗುವುದಿಲ್ಲ. ಚಿತ್ರವನ್ನು ಎಸ್‌ವಿಜಿಯಾಗಿ ಉಳಿಸಿ, ಅಕ್ಷರವನ್ನು ಗೆರೆಯಾಗಿ ಮಾಡದೆ ಅಕ್ಷರವಾಗಿಯೇ ಬಿಡುವ ಆಯ್ಕೆ ಕೊಡಿ (ಎಸ್‌ವಿಜಿ ಫಾಂಟ್‌ಟೈಪ್ ಎಂಬಲ್ಲಿ "none"). ಅದನ್ನು ಬ್ರೌಸರ್‌ನಲ್ಲಿ ತೆರೆದು, ನೋಟೋ ಸಾನ್ಸ್ ಕನ್ನಡ ಹಾಕಿ, ಅಲ್ಲಿಂದಲೇ ಪಿಡಿಎಫ್ ಮಾಡಿ. ಬ್ರೌಸರ್ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ. ಪ್ಲಾಟ್ಲಿಯಲ್ಲಿ ಮಾಡಿದರೂ ಆಗುತ್ತದೆ, ಅದು ಮೊದಲಿಂದಲೇ ಬ್ರೌಸರ್‌ನಲ್ಲಿ ಬರೆಯುವುದು.

ಕೊಪ್ಪಳ_ಮನೆಚೌಕ ಉತ್ತರ:

ಬಳ್ಳಾರಿ ಸರ್ ಹೇಳಿದ ನಕ್ಷೆಗೆ ನನ್ನ ತಕರಾರಿಲ್ಲ, ಆದರೆ ಪ್ರಶ್ನೆ ಕೇಳಿದವರಿಗೆ ಬೇಕಿರುವುದು ಅದರಿಂದ ಪೂರ್ತಿ ಸಿಗುವುದಿಲ್ಲ. ಎರಡು ಚುಕ್ಕಿ ಹತ್ತಿರವಿವೆ ಎಂದು ನಕ್ಷೆ ಹೇಳುತ್ತದೆ, ಏಕೆ ಹತ್ತಿರ ಎಂದು ಹೇಳುವುದಿಲ್ಲ. ರೈತರು ಬೆರಳಿಟ್ಟು "ನಮ್ಮದರ ಹಾಗೇ ಇದೆ" ಅನ್ನಬೇಕಾದರೆ ಪ್ರತಿ ಮನವಿಗೂ ಅದರದೇ ಮುಖ ಇರಬೇಕು. ಆ ಮುಖದಲ್ಲಿ ಏನು ಒಂದೇ, ಏನು ಬೇರೆ ಎಂದು ಕಾಣಬೇಕು. ಪ್ರತಿ ಮನವಿಗೊಂದು ಸಣ್ಣ ಚೌಕಪಟ್ಟಿ ಮಾಡಿ; ಗುರುತುಚೀಟಿ ಎನ್ನೋಣ.

8 ಅಡ್ಡ, 5 ಸಾಲು, ಒಟ್ಟು 40 ಮನೆ. ಪ್ರತಿ ಮನೆಗೂ ಒಂದು ಪದಕುಟುಂಬ. ಮೊದಲ ಸಾಲು ನೀರಿನದು: ಕೊನೆ ಭಾಗ, ಸರದಿ, ಹರಿವು, ಪಂಪ್‌ಸೆಟ್, ಕುಡಿಯುವ ನೀರು, ಹೀಗೆ. ಎರಡನೆಯದು ಕಾಲುವೆಯ ಕೆಲಸ: ಹೂಳು, ತೂಬು, ಗೇಟ್, ಒಡ್ಡು, ಲೈನಿಂಗ್, ಸೇತುವೆ. ಮೂರನೆಯದು ಜಮೀನು: ಸವಳು-ಜವಳು, ಬಸಿಗಾಲುವೆ, ದಾರಿ, ಸರ್ವೆ, ಪಹಣಿ. ನಾಲ್ಕನೆಯದು ಬೆಳೆ ಮತ್ತು ಹಣ: ಭತ್ತ, ಮೆಣಸಿನಕಾಯಿ, ಹತ್ತಿ, ವಿಮೆ, ಪರಿಹಾರ, ಸಾಲ. ಐದನೆಯದು ಏನು ಕೇಳಿದ್ದಾರೆ ಎಂಬುದು: ದುರಸ್ತಿ, ಸ್ಥಳ ಪರಿಶೀಲನೆ, ಕ್ರಮ, ಹಣ ಬಿಡುಗಡೆ, ಸಭೆ. ಪ್ರತಿ ಕುಟುಂಬದಲ್ಲಿ ಪದದ ಬುಡ ಕೊಡಿ, "ಹೂಳ" ಮತ್ತು "ಹೂಳು" ಎರಡೂ ಬರಲಿ, ಓಸಿಆರ್ ಮಾಡುವ ಮಾಮೂಲಿ ತಪ್ಪು ರೂಪಗಳೂ ಸೇರಲಿ. ಈ ಪಟ್ಟಿಯನ್ನು ಪೂರ್ತಿ ಯಂತ್ರಕ್ಕೆ ಬಿಡಬೇಡಿ. ಟಿಎಫ್-ಐಡಿಎಫ್‌ನಲ್ಲಿ ಮೇಲೆ ಬಂದ 200 ಪದ ತೆಗೆದುಕೊಂಡು ಕಾಲುವೆ ಬಲ್ಲ ಇಬ್ಬರು ರೈತರ ಜೊತೆ ಕೂತು ಹಂಚಿ. ಪದಗಳನ್ನು ಹಂಚುವ ಆ ಒಂದು ಮಧ್ಯಾಹ್ನದ ಕೆಲಸದ ಮೇಲೆಯೇ ಇಡೀ ಚಿತ್ರ ನಿಂತಿದೆ.

ಮನೆಯ ಗಾಢತೆ: 100 ಪದಕ್ಕೆ ಎಷ್ಟು ಸಲ ಎಂದು ಲೆಕ್ಕ ಹಾಕಿ ನಾಲ್ಕೇ ಮಟ್ಟ ಮಾಡಿ. ಸೊನ್ನೆಗೆ ಬಿಳಿ, 1ರವರೆಗೆ ತಿಳಿ, 1ರಿಂದ 3ಕ್ಕೆ ಮಧ್ಯಮ, 3 ದಾಟಿದರೆ ಕಪ್ಪು. 150 ಪದದ ಮನವಿಯಲ್ಲಿ ಒಂದು ಸಲ ಬಂದದ್ದು ತಿಳಿ, ಎರಡರಿಂದ ನಾಲ್ಕು ಸಲ ಮಧ್ಯಮ, ಐದು ಸಲ ಬಂದರೆ ಕಪ್ಪು. ನಿರಂತರ ಬಣ್ಣ ಹಾಕಿದರೆ ಕಣ್ಣು ಸೋಲುತ್ತದೆ. ಹತ್ತು ಬೂದಿಗಳಲ್ಲಿ ಯಾವುದು ಯಾವುದಕ್ಕೆ ಸಮ ಎಂದು ಯಾರೂ ಹೇಳಲಾರರು, ನಾಲ್ಕನ್ನು ಎಲ್ಲರೂ ಹೇಳುತ್ತಾರೆ. ಚೀಟಿಗಳನ್ನು ಝೆರಾಕ್ಸ್ ಮಾಡಿ ಹಂಚುವುದಿದ್ದರೆ ತಿಳಿ ಬೂದಿ ಅಳಿದುಹೋಗುತ್ತದೆ. ಆಗ ಚುಕ್ಕಿ, ಓರೆಗೆರೆ, ಪೂರ್ತಿ ಕಪ್ಪು ಎಂದು ವಿನ್ಯಾಸ ಬಳಸಿ.

ಮನೆಗಳ ಜಾಗ ಎಲ್ಲ ಚೀಟಿಯಲ್ಲೂ ಒಂದೇ ಇರಬೇಕು, ಇದರಲ್ಲಿ ರಾಜಿ ಬೇಡ. ಪ್ರತಿ ಮನವಿಗೆ ದೊಡ್ಡ ಪದದಿಂದ ಚಿಕ್ಕ ಪದಕ್ಕೆ ಜೋಡಿಸುವ ಆಸೆ ಬರುತ್ತದೆ, ಪದಮೋಡ ಮಾಡುವುದೂ ಅದನ್ನೇ. ಎರಡು ಪದಮೋಡಗಳನ್ನು ಹೋಲಿಸಬೇಕಾದರೆ ಓದಲೇಬೇಕು, ಏಕೆಂದರೆ "ಹೂಳು" ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಜಾಗ ಸ್ಥಿರವಾಗಿದ್ದರೆ ಓದು ಬಾರದವರೂ ಎರಡನೇ ಸಾಲಿನ ಎಡಕ್ಕೆ ಕಪ್ಪಿದೆ ಎಂದು ಹೋಲಿಸುತ್ತಾರೆ. 1973ರಲ್ಲಿ ಚೆರ್ನಾಫ್ ದತ್ತಾಂಶವನ್ನು ಮನುಷ್ಯರ ಮುಖವಾಗಿ ಬರೆಯುವ ಉಪಾಯ ಕೊಟ್ಟರು: ಕಣ್ಣಿನ ಗಾತ್ರ ಒಂದು ಅಳತೆ, ಬಾಯಿಯ ಬಾಗು ಇನ್ನೊಂದು. ಮೊದಲ ನೋಟಕ್ಕೆ ಚೆನ್ನ, ಆದರೆ ಬಾಯಿ ಕಿವಿಗಿಂತ ಹೆಚ್ಚು ಎದ್ದುಕಾಣುವುದರಿಂದ ಎಲ್ಲ ಅಳತೆಗೂ ಸಮ ತೂಕ ಬರುವುದಿಲ್ಲ. ನಗುವ ಮುಖದ ಮನವಿ ಸುಖದ್ದು ಎಂಬ ತಪ್ಪು ಭಾವನೆಯೂ ಬರುತ್ತದೆ. ಚೌಕದಲ್ಲಿ ಆ ತೊಂದರೆಯಿಲ್ಲ.

ಅಳತೆ ಹೇಳುತ್ತೇನೆ. ಮನೆ 3 ಮಿ.ಮೀ. ಚೌಕ ಇಟ್ಟರೆ ಚೀಟಿ 24 ಅಗಲ, 15 ಎತ್ತರ. ಕೆಳಗೆ ಕ್ರಮಸಂಖ್ಯೆ, ವರ್ಷಕ್ಕೆ 5 ಮಿ.ಮೀ., ಚೀಟಿ-ಚೀಟಿಗಳ ನಡುವೆ 4 ಮಿ.ಮೀ. ಬಿಡುವು. ಅಂದರೆ ಒಂದಕ್ಕೆ 28ಕ್ಕೆ 24 ಜಾಗ. ಎ3 ಹಾಳೆ 420ಕ್ಕೆ 297. ನಾಲ್ಕೂ ಕಡೆ 10 ಬಿಟ್ಟರೆ 14 ಕಂಬ, 11 ಸಾಲು, 154 ಚೀಟಿ ಹಿಡಿಸುತ್ತವೆ. ನಿಮ್ಮ 900ಕ್ಕೆ ಆರು ಹಾಳೆ. 3 ಮಿ.ಮೀ. ಮನೆ ಕೈ ಚಾಚಿ ಹಿಡಿದು ನೋಡುವ ದೂರಕ್ಕೆ ಸರಿ. ಹಿಂದಿನ ಸಾಲಿನವರಿಗೆ ಕಾಣಬೇಕಾದರೆ ಪ್ರತಿ ಗುಂಪಿನಿಂದ ಒಂದು ಮಾದರಿ ಚೀಟಿಯನ್ನು ಹತ್ತು ಪಟ್ಟು ದೊಡ್ಡದಾಗಿ, ಮನೆಗಳ ಹೆಸರು ಬರೆದು ಹಚ್ಚಿ.

ಚೀಟಿಗಳ ಕ್ರಮವೂ ಮುಖ್ಯ. ದಿನಾಂಕದ ಪ್ರಕಾರ ಜೋಡಿಸಿದರೆ ಹೋಲುವವು ಚದುರಿಹೋಗುತ್ತವೆ. ಶ್ರೇಣಿ ಗುಂಪುಗಾರಿಕೆ (ಹೆಚ್ಚು ಹೋಲುವವನ್ನು ಎರಡೆರಡಾಗಿ ಕೂಡಿಸುತ್ತ ಹೋಗುವುದು) ಮಾಡಿ, ಸರಾಸರಿ ಕೊಂಡಿ, ಕೊಸೈನ್ ದೂರ, ಸೈಪೈನಲ್ಲಿ ಎಲೆಗಳ ಅತ್ಯುತ್ತಮ ಕ್ರಮ ಎಂಬ ಆಯ್ಕೆ ತೆರೆದಿಡಿ. ಆ ಕ್ರಮದಲ್ಲಿ ಹಾಕಿ, ಆದರೆ ಹಾವಿನಂತೆ ತಿರುಗಿಸಿ: ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಸಾಲಿನ ಕೊನೆಯಲ್ಲಿ ನೆರೆಹೊರೆ ತುಂಡಾಗುವುದಿಲ್ಲ.

ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸದೆ ಮುದ್ರಿಸಬೇಡಿ. ಮೂರು ಮೂರು ಚೀಟಿಯ 20 ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಎರಡು ಒಂದೇ ತೊಂದರೆಯವು, ಒಂದು ಬೇರೆಯದು, ಓದಿ ಖಚಿತಪಡಿಸಿಕೊಂಡವು. ಚಿತ್ರ ಮಾತ್ರ ತೋರಿಸಿ, ಐದು ಸೆಕೆಂಡಿನಲ್ಲಿ "ಇದರಲ್ಲಿ ಹೊರಗಿನದು ಯಾವುದು" ಎಂದು ಕೇಳಿ. ಕಣ್ಣು ಮುಚ್ಚಿ ಹೇಳಿದರೂ ಸುಮಾರು 7 ಸರಿಯಾಗುತ್ತವೆ. ಒಬ್ಬೊಬ್ಬರೂ 14 ದಾಟಿದರೆ ಚೀಟಿ ಮಾತಾಡುತ್ತಿದೆ ಎಂದರ್ಥ. ದಾಟದಿದ್ದರೆ ಬಣ್ಣದ ಜೊತೆ ಆಟವಾಡಬೇಡಿ, ಪದಕುಟುಂಬಗಳನ್ನು ಮತ್ತೆ ಹಂಚಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಮಸ್ಕಿ_ಶಾಸನ ಉತ್ತರ:

ಪರೀಕ್ಷೆಯ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಉತ್ತರ ಮೊದಲೇ ಗೊತ್ತಿರುವ ಪಠ್ಯಗಳ ಮೇಲೆ ನಿಮ್ಮ ಅಳತೆಯನ್ನು ಓಡಿಸಿ ನೋಡಿ. ಅಂಥವು ನಮ್ಮ ಮೂರು ಜಿಲ್ಲೆಯಲ್ಲೇ ಇವೆ: ಅಶೋಕನ ಕಿರು ಬಂಡೆಶಾಸನದ ಪಾಠಗಳು. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಆದರೆ ಅಚ್ಚಾದ ಲಿಪ್ಯಂತರ ಸಿಗುತ್ತದೆ. ಎಲ್ಲವೂ ಒಂದೇ ಆಜ್ಞೆಯ ರೂಪಗಳು, ಆದರೆ ಎಲ್ಲೆಲ್ಲಿ ಬೇರೆ ಎಂಬುದೂ ವಿದ್ವಾಂಸರಿಗೆ ಗೊತ್ತಿದೆ. 1915ರಲ್ಲಿ ಸಿಕ್ಕ ಮಸ್ಕಿಯ ಪಾಠದಲ್ಲಿ ಅಶೋಕನ ಹೆಸರೇ ಇದೆ, ಗವಿಮಠದ್ದರಲ್ಲಿ ಇಲ್ಲ. ನಿಮ್ಮ ಚಿತ್ರದಲ್ಲಿ ಈ ಐದೂ ಹತ್ತಿರ ಬರಬೇಕು, ಬಾರದಿದ್ದರೆ ಅಳತೆ ತಪ್ಪಾಗಿದೆ.

ಇಲ್ಲೊಂದು ಪಾಠ ನಿಮ್ಮ ಮನವಿಗಳಿಗೂ ಹೊಂದುತ್ತದೆ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಉಳಿದಿರುವುದು ಸ್ವಲ್ಪ. ಜಕಾರ್ಡ್ ಅಳತೆ ಅದನ್ನು ಗವಿಮಠದ ಪಾಠದಿಂದ ದೂರ ತಳ್ಳುತ್ತದೆ, ಏಕೆಂದರೆ ಭಾಗಿಸುವುದು ಎರಡರ ಒಟ್ಟಿನಿಂದ. ಚಿಕ್ಕದರಲ್ಲಿ 200 ತುಂಡು, ದೊಡ್ಡದರಲ್ಲಿ 1,000, ಚಿಕ್ಕದರದೆಲ್ಲ ದೊಡ್ಡದರಲ್ಲಿದೆ ಎನ್ನಿ: ಜಕಾರ್ಡ್ ಬರೀ 0.2. ಸಾಮಾನ್ಯ ತುಂಡುಗಳನ್ನು ಚಿಕ್ಕದರ ಎಣಿಕೆಯಿಂದ ಮಾತ್ರ ಭಾಗಿಸಿದರೆ 1; ಇದು ಒಳಗೊಳ್ಳುವಿಕೆಯ ಅಳತೆ. ನಿಮ್ಮಲ್ಲಿಯೂ ಅರ್ಧ ಪುಟದ ಮನವಿಯನ್ನು ಯಾರೋ ನಾಲ್ಕು ಪುಟದ ಮನವಿಯೊಳಗೆ ಹಾಗೇ ಸೇರಿಸಿರಬಹುದು, ಹರಿದ ಹಾಳೆಯ ಸ್ಕ್ಯಾನ್‌ಗಳೂ ಇರಬಹುದು. ನಕಲು ಹಿಡಿಯುವಾಗ ಎರಡೂ ಅಳತೆ ತೆಗೆಯಿರಿ. ಜಕಾರ್ಡ್ ಕಡಿಮೆ, ಒಳಗೊಳ್ಳುವಿಕೆ 0.9ಕ್ಕಿಂತ ಹೆಚ್ಚು ಎಂದು ಬಂದ ಜೋಡಿಗಳನ್ನು ಮಾತ್ರ ಕಣ್ಣಿಂದ ಓದಿ. ತೀರಾ ಚಿಕ್ಕ ಪಠ್ಯಕ್ಕೆ, 30 ತುಂಡಿಗಿಂತ ಕಡಿಮೆಯಿದ್ದರೆ, ಈ ಅಳತೆ ಸುಳ್ಳು ಹೇಳುತ್ತದೆ. ಶಾಸನದ ಲಿಪ್ಯಂತರ ಬಳಸುವುದಾದರೆ ಸಂಪಾದಕರು ಹಾಕಿದ ಆವರಣ, ಚುಕ್ಕಿಗಳನ್ನು ಮೊದಲು ತೆಗೆಯಿರಿ, ಇಲ್ಲವಾದರೆ ಸವೆತದ ಗುರುತುಗಳೇ ಹೋಲಿಕೆಯಾಗಿ ಎಣಿಕೆಯಾಗುತ್ತವೆ.

ಗಂಗಾವತಿ_ಕಡತ:

ಗುರುತುಚೀಟಿಯನ್ನೇ ಮುಖ್ಯವಾಗಿಟ್ಟು, ನಕ್ಷೆಯನ್ನು ನಮ್ಮ ಒಳಬಳಕೆಗೆ ಇಟ್ಟುಕೊಳ್ಳುತ್ತೇವೆ. ಎರಡು ಸಣ್ಣ ಪ್ರಶ್ನೆ ಉಳಿದಿವೆ. "ನೀರು ಬರುತ್ತಿಲ್ಲ" ಮತ್ತು "ಹೊಲ ಒಣಗುತ್ತಿದೆ" ಇವೆರಡರಲ್ಲಿ ಒಂದೂ ಸಾಮಾನ್ಯ ಪದವಿಲ್ಲ, ಅರ್ಥ ಒಂದೇ. ಇದಕ್ಕೇನು? ಮುಂದಿನ ಹಂಗಾಮಿನಲ್ಲಿ ಹೊಸ ಮನವಿ ಬಂದರೆ ಎಲ್ಲವನ್ನೂ ಮತ್ತೆ ಮುದ್ರಿಸಬೇಕೇ?

ಬಳ್ಳಾರಿ_ನಕ್ಷೆಗಾರ ಉತ್ತರ:

ಅರ್ಥದ ಹೋಲಿಕೆಗೆ ವಾಕ್ಯ-ಸದಿಶ ಮಾದರಿಗಳಿವೆ, ಅಂದರೆ ವಾಕ್ಯದ ಅರ್ಥವನ್ನು ಅಂಕಿಗಳ ಸಾಲಾಗಿ ಮಾಡುವಂಥವು. ಗೂಗಲ್‌ನ ಲಾಬ್ಸೆ 109 ಭಾಷೆಗೆ ಮಾಡಿದ್ದು, ಕನ್ನಡವೂ ಅದರಲ್ಲಿದೆ, ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ಮನವಿಗಳನ್ನು ಹೊರಗೆ ಕಳಿಸಬೇಕಿಲ್ಲ. ಪ್ರತಿ ಪಠ್ಯಕ್ಕೆ 768 ಅಂಕಿಯ ಸಾಲು ಬರುತ್ತದೆ. ಆದರೆ ಸೆಂಟೆನ್ಸ್-ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಅದರ ಮಿತಿ 256 ಟೋಕನ್ (ಮಾದರಿ ಓದುವ ಪದದ ತುಂಡು), ಕನ್ನಡದ ಉದ್ದ ಪದ ಎರಡು ಮೂರು ಟೋಕನ್ ಆಗಿ ಒಡೆಯುತ್ತದೆ. ಹಾಗಾಗಿ ಪುಟದ ಕೆಳಗಿನ ಅರ್ಧವನ್ನು ಅದು ಓದದೆ ಬಿಡಬಹುದು, ಕೋರಿಕೆ ಇರುವುದೇ ಅಲ್ಲಿ. ವಾಕ್ಯ ವಾಕ್ಯವಾಗಿ ಕೊಟ್ಟು ಸರಾಸರಿ ತೆಗೆಯಿರಿ. ಒಂದೇ ಕಾಲುವೆಯ ಮನವಿಗಳೆಲ್ಲ ಇದರ ಲೆಕ್ಕದಲ್ಲಿ ತೀರಾ ಹತ್ತಿರ ಬರುತ್ತವೆ, ಏಕೆ ಹತ್ತಿರ ಎಂದು ತೋರಿಸಲೂ ಆಗುವುದಿಲ್ಲ. ಚೀಟಿಗೆ ಇದನ್ನು ಬಳಸಬೇಡಿ. ಪದಕುಟುಂಬಕ್ಕೆ ಯಾವ ಹೊಸ ಪದ ಸೇರಬೇಕು ಎಂದು ಹುಡುಕಲು ಬಳಸಿ: "ಕೊನೆ ಭಾಗ" ಮನೆಗೆ "ಒಣಗು", "ಬಾಡು" ಸೇರುವುದು ಹೀಗೆ.

ಕೊಪ್ಪಳ_ಮನೆಚೌಕ ಉತ್ತರ:

ಎರಡನೆಯದಕ್ಕೆ: ಚೀಟಿಯ ಮನೆಗಳೂ ಮಿತಿಗಳೂ ಸ್ಥಿರ, ಆದ್ದರಿಂದ ಹೊಸ ಮನವಿಗೆ ಹೊಸ ಚೀಟಿ ಸಾಕು, ಹಳೆಯವು ಹಾಗೇ ಇರುತ್ತವೆ. ಹಾಳೆಯ ಮೇಲೆ ಅಂಟಿಸದೆ ಪಿನ್ ಚುಚ್ಚಿಟ್ಟರೆ ಹೋಲುವ ಗುಂಪಿನ ಪಕ್ಕಕ್ಕೆ ಸೇರಿಸಬಹುದು, ಜಾಗಕ್ಕಾಗಿ ಪ್ರತಿ ಗುಂಪಿನ ಕೊನೆಗೆ ಒಂದು ಸಾಲು ಖಾಲಿ ಬಿಟ್ಟಿರಿ. ನಕ್ಷೆಯಲ್ಲಿ ಮಾತ್ರ ಯುಮ್ಯಾಪ್ ಆದರೆ ಹಳೆ ಮಾದರಿಗೆ ಹೊಸ ಚುಕ್ಕಿ ಕೂಡಿಸಬಹುದು, ಸೈಕಿಟ್-ಲರ್ನ್‌ನ ಟಿ-ಸ್ನೀಯಲ್ಲಿ ಆ ದಾರಿಯಿಲ್ಲ. ಪದಪಟ್ಟಿ, ಐಡಿಎಫ್ ತೂಕ, ಎಸ್‌ವಿಡಿ ಮೂರನ್ನೂ ಮೊದಲ ಸಲವೇ ಕಡತವಾಗಿ ಉಳಿಸಿಡಿ, ಹೊಸ ಮನವಿಯನ್ನು ಅವುಗಳಿಂದಲೇ ಹಾಯಿಸಿ. ಯಾವ ಮನೆಗೂ ಸೇರದ ಪದಗಳು ಹೊಸ ಮನವಿಗಳಲ್ಲಿ ಹೆಚ್ಚಾಗುತ್ತಿವೆಯೇ ಎಂದು ಹಂಗಾಮಿಗೊಮ್ಮೆ ನೋಡಿ. ಹೆಚ್ಚಿದ್ದರೆ 40ರಲ್ಲಿ ಖಾಲಿ ಬಿಟ್ಟ ಮನೆಯೊಂದನ್ನು ಅದಕ್ಕೆ ಕೊಡಿ. ಅದಕ್ಕಾಗಿ ಈಗಲೇ ಪ್ರತಿ ಸಾಲಿನ ಬಲತುದಿಯ ಮನೆಯನ್ನು ಖಾಲಿ ಇಟ್ಟುಕೊಳ್ಳಿ.